ಸನ್‌ರೂಫ್‌ಗೂ ಮೊದಲು ನೋಡಬೇಕಾದ್ದು

ಎರಡು ತಿಂಗಳಿನಿಂದ ನಮ್ಮ ಮನೆಯಲ್ಲಿ ಕಾರಿನದೇ ಮಾತು. ಅಪ್ಪನಿಗೆ ಸನ್‌ರೂಫ್ ಬೇಕು, ತಂಗಿಗೆ ದೊಡ್ಡ ಟಚ್‌ಸ್ಕ್ರೀನ್, ಅಮ್ಮನಿಗೆ ಕೆನೆಬಣ್ಣದ ಸೀಟು. (ತೀರ್ಥಹಳ್ಳಿಯ ಕೆಂಪು ಮಣ್ಣಿನಲ್ಲಿ ಆ ಕೆನೆಬಣ್ಣ ಎಷ್ಟು ದಿನ ಉಳಿದೀತೋ!) ಸುರಕ್ಷತೆಯ ಮಾತೆತ್ತಿದರೆ, ‘ಅದೆಲ್ಲ ಈಗ ಎಲ್ಲ ಕಾರಲ್ಲೂ ಇರ್ತದೆ ಬಿಡು ಮಾರಾಯ’ ಎನ್ನುತ್ತಾರೆ ಅಪ್ಪ.

ಅಪ್ಪನ ಮಾತು ಅರ್ಧ ನಿಜ. ಎಬಿಎಸ್ 2019ರಿಂದ ಕಡ್ಡಾಯ. ಮುಂದಿನ ಎರಡು ಸೀಟುಗಳಿಗೆ ಏರ್‌ಬ್ಯಾಗ್ ಕೂಡ ಈಗ ಕಡ್ಡಾಯ. ಆದರೆ ಡಿಕ್ಕಿಯಾದಾಗ ಕಾರಿನ ಚೌಕಟ್ಟು ನಿಲ್ಲುತ್ತದೋ ಮುದುಡುತ್ತದೋ ಎಂಬುದು ಎಲ್ಲ ಕಾರುಗಳಲ್ಲಿ ಒಂದೇ ಅಲ್ಲ. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ನಮ್ಮಲ್ಲಿ ಮಾರಾಟವಾಗುತ್ತಿದ್ದ ಐದು ಸಣ್ಣ ಕಾರುಗಳನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ ಗುದ್ದಿಸಿ ನೋಡಿತು. ದೊಡ್ಡವರ ರಕ್ಷಣೆಯಲ್ಲಿ ಐದಕ್ಕೂ ಸಿಕ್ಕಿದ್ದು ಸೊನ್ನೆ ಸ್ಟಾರ್. ನಾಲ್ಕೇ ವರ್ಷದಲ್ಲಿ, 2018ರಲ್ಲಿ, ಟಾಟಾ ನೆಕ್ಸಾನ್ ಐದು ಸ್ಟಾರ್ ಪಡೆಯಿತು. ಅಂದರೆ ಇಲ್ಲೇ ತಯಾರಾಗುವ ಕಾರನ್ನೂ ಗಟ್ಟಿಯಾಗಿ ಮಾಡಬಹುದು, ಕೇಳುವವರು ಬೇಕು ಅಷ್ಟೆ. 2023ರ ಅಕ್ಟೋಬರ್ 1ರಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಇದೆ. ಅದು ಕಡ್ಡಾಯವಲ್ಲ, ಕಂಪನಿ ಮುಂದೆ ಬಂದರೆ ಮಾತ್ರ ಪರೀಕ್ಷೆ. ಹಾಗಾಗಿ ‘ಎಷ್ಟು ಸ್ಟಾರ್?’ ಎನ್ನುವುದರ ಜೊತೆಗೆ ‘ಪರೀಕ್ಷೆ ಆಗಿದೆಯಾ?’ ಎಂದೂ ಕೇಳಬೇಕು. ನಾವು ಹೋದ ಶೋರೂಮಿನಲ್ಲಿ ಆ್ಯಂಬಿಯೆಂಟ್ ಲೈಟಿನ ಬಣ್ಣಗಳನ್ನು ಒಂದೊಂದಾಗಿ ಬದಲಿಸಿ ತೋರಿಸಿದ ಹುಡುಗ ಈ ಪ್ರಶ್ನೆಗೆ ಮ್ಯಾನೇಜರನ್ನು ಕರೆಯಲು ಹೋದ!

ಹಾಗೆಂದು ಒಳಾಂಗಣ ಬರೀ ಷೋಕಿ ಎಂದು ನಾನು ಹೇಳುವುದಿಲ್ಲ. ಮಂಡಿನೋವಿನ ಅಮ್ಮನಿಗೆ ಹತ್ತಿ ಇಳಿಯಲು ಸೀಟು ಎಷ್ಟು ಎತ್ತರದಲ್ಲಿದೆ ಎಂಬುದು ಮುಖ್ಯ. ಮುಂದಿನ ಕಂಬ ದಪ್ಪವಿದ್ದರೆ ತಿರುವಿನಲ್ಲಿ ಎದುರು ಬರುವ ಬೈಕು ಕಾಣುವುದಿಲ್ಲ. ಎ.ಸಿ. ಕಡಿಮೆ ಮಾಡಲೂ ಪರದೆಯಲ್ಲಿ ಮೂರು ಸಲ ಒತ್ತಬೇಕಾದರೆ ಅಷ್ಟು ಹೊತ್ತು ಕಣ್ಣು ರಸ್ತೆಯ ಮೇಲಿರುವುದಿಲ್ಲ. ಯುರೋಪಿನ ಎನ್‌ಕ್ಯಾಪ್ ಸಂಸ್ಥೆ ಸುಮ್ಮನೆ ಹಠ ಹಿಡಿದಿಲ್ಲ. 2026ರಿಂದ ಇಂಡಿಕೇಟರ್, ವೈಪರ್, ಹಾರ್ನ್‌ನಂಥವಕ್ಕೆ ಕೈಗೆ ಸಿಗುವ ನಿಜವಾದ ಗುಂಡಿಯೋ ಕಡ್ಡಿಯೋ ಇರಲಿ ಎಂದು ಅದು ಒತ್ತಾಯಿಸುತ್ತಿದೆ. ನನ್ನ ಲೆಕ್ಕದಲ್ಲಿ ಒಳಾಂಗಣವೆಂದರೆ ಇದು. ನೆಂಟರು ಬಂದಾಗ ತೋರಿಸುವುದಕ್ಕಿರುವುದಲ್ಲ.

ಎಂಜಿನ್ ವಿಷಯಕ್ಕೆ ಬಂದರೆ, ಎಷ್ಟು ಸೆಕೆಂಡಿನಲ್ಲಿ ನೂರು ಮುಟ್ಟುತ್ತದೆ ಎಂಬುದು ನಮಗೆ ಯಾಕೆ? ನಾವು ಮಣಿಪಾಲಕ್ಕೆ ಹೋಗುವುದು ಆಗುಂಬೆ ಘಾಟಿಯಲ್ಲಿ. ಐದು ಜನ ಕೂತು, ಎ.ಸಿ. ಹಾಕಿ, ಮಳೆಯಲ್ಲಿ ಮೇಲೆ ಬರುವಾಗ ತಿರುವಿನಲ್ಲಿ ಗಾಡಿ ಎಳೆಯಬೇಕು. ಇಳಿಯುವಾಗ ಬ್ರೇಕು, ಟೈರು ಕೈಕೊಡಬಾರದು. ಒಬ್ಬರೇ ಕೂತು ಊರ ಸಪಾಟು ರಸ್ತೆಯಲ್ಲಿ ಎರಡು ಕಿ.ಮೀ. ಓಡಿಸಿದರೆ ಇದೊಂದೂ ತಿಳಿಯುವುದಿಲ್ಲ. ಟೆಸ್ಟ್ ಡ್ರೈವ್‌ಗೆ ಮನೆಮಂದಿಯೆಲ್ಲ ಹೋಗಬೇಕು, ಏರು ಇರುವ ಕಡೆಗೇ ಹೋಗಬೇಕು.

ಇಷ್ಟೆಲ್ಲ ನೋಡಿ ತಂದ ಕಾರನ್ನೂ ನಾವೇ ಕೆಡಿಸಿಕೊಳ್ಳುವುದುಂಟು. ಬೆಲ್ಟಿನ ಬೀಪ್ ಸದ್ದು ಅಡಗಿಸುವ ಕ್ಲಿಪ್‌ಗಳನ್ನು ಆನ್‌ಲೈನ್ ಅಂಗಡಿಗಳಿಂದ ತೆಗೆಯುವಂತೆ 2023ರಲ್ಲಿ ಗ್ರಾಹಕ ರಕ್ಷಣಾ ಪ್ರಾಧಿಕಾರವೇ ಆದೇಶಿಸಬೇಕಾಯಿತು. 2022ರಲ್ಲಿ ಸೈರಸ್ ಮಿಸ್ತ್ರಿ ಸಾವಿಗೀಡಾದಾಗ, ಹಿಂದಿನ ಸೀಟಿನಲ್ಲಿದ್ದ ಅವರು ಬೆಲ್ಟ್ ಹಾಕಿರಲಿಲ್ಲ ಎಂದು ಪೊಲೀಸರು ಹೇಳಿದ್ದರು. ಅದು ಸಾಮಾನ್ಯ ಕಾರೇನೂ ಆಗಿರಲಿಲ್ಲ. ಸನ್‌ರೂಫ್ ಬಂದ ಮೇಲಂತೂ ಹೆದ್ದಾರಿಯಲ್ಲಿ ಮಕ್ಕಳನ್ನು ಅದರಿಂದ ಮೇಲಕ್ಕೆ ನಿಲ್ಲಿಸಿ ವಿಡಿಯೊ ಮಾಡುವವರನ್ನು ನೋಡಿದರೆ ಎದೆ ಧಸಕ್ಕೆನ್ನುತ್ತದೆ.

ಇನ್ನು ಸೀಟ್ ಕವರ್. ಬುಕ್ ಮಾಡಿದರೆ ಉಚಿತ ಎನ್ನುತ್ತಾರೆ. ಪಕ್ಕದ ಏರ್‌ಬ್ಯಾಗ್ ಹಲವು ಕಾರುಗಳಲ್ಲಿ ಸೀಟಿನ ಅಂಚಿನ ಹೊಲಿಗೆ ಬಿಚ್ಚಿಕೊಂಡು ಹೊರಬರಬೇಕು. ಅದರ ಮೇಲೆ ದಪ್ಪ ರೆಕ್ಸಿನ್ ಬಿಗಿದರೆ ಅದು ಬರುವುದಾದರೂ ಎಲ್ಲಿಂದ? ಆ ಜಾಗ ಬಿಟ್ಟು ಹೊಲಿದ ಕವರ್ ಇದ್ದರೆ ಸರಿ, ಇಲ್ಲದಿದ್ದರೆ ಬೇಡ ಎಂದು ಅಮ್ಮನಿಗೆ ಹೇಳಿದ್ದೇನೆ. ಕೆನೆಬಣ್ಣ ಕೊಳೆಯಾದರೆ ಆಗಲಿ, ಒರೆಸೋಣ.