ಗಡ್ಡೆಯ ಗುಣ ತಿಳಿಯುವ ಹಕ್ಕು

ದೊಡ್ಡಕರುಳಿನ ಕ್ಯಾನ್ಸರುಗಳೆಲ್ಲ ಒಂದೇ ಜಾತಿಯವಲ್ಲ. ಒಂದೇ ಗಾತ್ರದ ಎರಡು ಗಡ್ಡೆಗಳನ್ನು ಒಬ್ಬರೇ ವೈದ್ಯರು ಕೊಯ್ದು ತೆಗೆದರೂ ಒಂದು ಮರಳಿ ಬಾರದೆ ಹೋಗಬಹುದು, ಇನ್ನೊಂದು ವರ್ಷ ತುಂಬುವುದರೊಳಗೆ ಯಕೃತ್ತಿಗೆ ಹಬ್ಬಬಹುದು. ಯಾವುದು ಸಾಧು, ಯಾವುದು ಉಗ್ರ?

1965ರಲ್ಲಿ ಕೆನಡದ ಗೋಲ್ಡ್ ಮತ್ತು ಫ್ರೀಡ್‌ಮನ್ ಎಂಬ ವಿಜ್ಞಾನಿಗಳು ಇಂಥ ಗಡ್ಡೆಯಲ್ಲಿ ಸಿ.ಇ.ಎ. ಎಂಬ ಪ್ರೋಟೀನನ್ನು ಕಂಡರು. ಆದರೆ ಅದು ಬೀಡಿ ಸಿಗರೇಟು ಸೇದುವವರ ರಕ್ತದಲ್ಲೂ ಏರುತ್ತದೆ. ರೋಗದ ಆರಂಭದಲ್ಲಿ ಅನೇಕರಲ್ಲಿ ಏರುವುದೇ ಇಲ್ಲ. ಚಿಕಿತ್ಸೆಯ ನಂತರ ಕಾವಲು ಕಾಯಲು ಮುಖ್ಯವಾಗಿ ಒದಗುತ್ತದೆ.

ನಾವು ಹೇಳಹೊರಟಿರುವುದು ಬೇರೆ ನಾಲ್ಕು ಪ್ರೋಟೀನುಗಳ ಮಾತು: ಎಂಎಲ್‌ಎಚ್‌1, ಎಂಎಸ್‌ಎಚ್‌2, ಎಂಎಸ್‌ಎಚ್‌6, ಪಿಎಂಎಸ್‌2. ಜೀವಕೋಶ ಒಡೆದು ಎರಡಾಗುವಾಗ ತನ್ನ ಡಿ.ಎನ್.ಎ. ಬರಹವನ್ನೆಲ್ಲ ನಕಲು ಮಾಡುತ್ತದೆ. ನಕಲೆಂದ ಮೇಲೆ ತಪ್ಪು ಇದ್ದದ್ದೇ ಎಂಬುದನ್ನು ಶಾಲೆಯಲ್ಲಿ ಕಾಪಿ ಪುಸ್ತಕ ತಿದ್ದಿದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆ ತಪ್ಪು ತಿದ್ದುವ ಮೇಷ್ಟರುಗಳೇ ಈ ನಾಲ್ವರು. ನೂರಕ್ಕೆ ಸುಮಾರು 15 ಗಡ್ಡೆಗಳಲ್ಲಿ ಇವರ ಪೈಕಿ ಒಬ್ಬರೋ ಇಬ್ಬರೋ ಗೈರುಹಾಜರು. ಸೋಜಿಗವೆಂದರೆ, ಇಂಥ ಗಡ್ಡೆ ಸೂಕ್ಷ್ಮದರ್ಶಕದಡಿ ಎಷ್ಟೋ ವೇಳೆ ಘೋರವಾಗಿ ಕಂಡರೂ ಎರಡನೆಯ ಹಂತದಲ್ಲಿ ಮರುಕಳಿಸುವುದು ಕಡಿಮೆ. ತಪ್ಪು ಬರಹದಿಂದ ಹುಟ್ಟಿದ ವಿಕಾರ ಪ್ರೋಟೀನುಗಳನ್ನು ದೇಹದ ರಕ್ಷಣಾಪಡೆ ಬೇಗ ಗುರುತು ಹಿಡಿಯುತ್ತದೆ. ಆ ಹಂತದಲ್ಲಿ ಫ್ಲೂರೋಯುರಾಸಿಲ್ ಔಷಧವೊಂದನ್ನೇ ಕೊಟ್ಟರೆ ಈ ರೋಗಿಗೆ ಪ್ರಯೋಜನವಿಲ್ಲ. ಬಾಯಿಹುಣ್ಣು, ಭೇದಿ, ಹೋದ ಕೂಲಿ, ಇಷ್ಟೇ ಸಂಪಾದನೆ.

ರೋಗ ದೂರಕ್ಕೆ ಹಬ್ಬಿದ ಮೇಲೆ ಈ ಸಾಧುತನ ಉಳಿಯುವುದಿಲ್ಲ. ಆಗ ಬೇಕಾದದ್ದು ಬೇರೆ ಔಷಧ. 2020ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ಪೆಂಬ್ರೊಲಿಜುಮಾಬ್ ಪಡೆದ ಇಂಥವರ ರೋಗವು ಮುಂದುವರಿಯದೆ ನಿಂತದ್ದು ಮಧ್ಯಮ ಲೆಕ್ಕದಲ್ಲಿ 16.5 ತಿಂಗಳು, ಹಳೆಯ ಔಷಧಗಳಲ್ಲಿ 8.2 ತಿಂಗಳು.

“ಆ ಔಷಧ ಬಡವನ ಕೈಗೆ ಎಟುಕದು, ಹಾಗಿರುವಾಗ ಪರೀಕ್ಷೆ ಏತಕ್ಕೆ?” ಎಂದು ಕೇಳುವ ಮಹನೀಯರಿದ್ದಾರೆ. ಈ ವಾದವನ್ನು ನಾವು ಒಪ್ಪಲಾರೆವು. ಬೆಲೆ ದುಬಾರಿಯಾದರೆ ಬೆಲೆಯೊಡನೆ ಹೋರಾಡಬೇಕು, ರೋಗಿಯನ್ನು ಕತ್ತಲಲ್ಲಿ ಇಡಬಾರದು. ಅದೂ ಅಲ್ಲದೆ, ಗೈರುಹಾಜರಾದ ಮೇಷ್ಟರ ಕಾರಣ ಕೆಲವರಲ್ಲಿ ಹುಟ್ಟಿನಿಂದಲೇ ಬಂದಿರುತ್ತದೆ. ಅದಕ್ಕೆ ಲಿಂಚ್ ಲಕ್ಷಣಕೂಟವೆಂದು ಹೆಸರು. ಅಂಥವರ ಪ್ರತಿಯೊಂದು ಮಗುವಿಗೂ ಅದು ಇಳಿಯುವ ಸಂಭವ ಅರ್ಧಕ್ಕರ್ಧ. ಮೊದಲೇ ತಿಳಿದರೆ ಕೊಳವೆ ಹಾಯಿಸಿ ಕರುಳನ್ನು ನೋಡಿ, ಮೊಳಕೆಯಲ್ಲೇ ಚಿವುಟಿ ತೆಗೆಯಬಹುದು. ಇಂಗ್ಲೆಂಡಿನಲ್ಲಿ 2017ರಲ್ಲೇ ಈ ರೋಗ ಕಂಡ ಪ್ರತಿಯೊಬ್ಬರಿಗೂ ಪರೀಕ್ಷೆ ಆಗತಕ್ಕದ್ದೆಂದು ಅಲ್ಲಿನ ಸರಕಾರಿ ಸಂಸ್ಥೆ ಶಿಫಾರಸು ಮಾಡಿತು.

ಇದಕ್ಕೆ ಮಹಾಯಂತ್ರಗಳೇನೂ ಬೇಡ. ಗಡ್ಡೆಯ ತೆಳು ಪದರ, ಬಣ್ಣ ಹಿಡಿಸುವ ಪ್ರತಿಕಾಯಗಳು, ಸೂಕ್ಷ್ಮದರ್ಶಕ, ನೋಡಬಲ್ಲ ವೈದ್ಯರು. ಜಿಲ್ಲಾ ಆಸ್ಪತ್ರೆಯಲ್ಲಿ ತೆಗೆದ ತುಂಡನ್ನು ದೊಡ್ಡ ಪ್ರಯೋಗಾಲಯಕ್ಕೆ ಸರಕಾರದ ಖರ್ಚಿನಲ್ಲೇ ಕಳಿಸಬೇಕೆಂದು ನಾವು ಒತ್ತಾಯಿಸುತ್ತೇವೆ. ಮೇಣದ ಅಚ್ಚಿನಲ್ಲಿಟ್ಟ ತುಂಡು ವರ್ಷಗಟ್ಟಲೆ ಉಳಿಯುತ್ತದೆ. ಹಿಂದೆಯೇ ಶಸ್ತ್ರಚಿಕಿತ್ಸೆಯಾದವರೂ ಅದಿನ್ನೂ ಇದೆಯೇ ಎಂದು ಆಸ್ಪತ್ರೆಯಲ್ಲಿ ವಿಚಾರಿಸಬಹುದು.