ನ್ಯೂಟನ್ ಹಳಬನಾದನೆ?

ಕ್ವಾಂಟಂ ಸಿದ್ಧಾಂತವು ನ್ಯೂಟನ್ನನನ್ನು ಸುಳ್ಳಾಗಿಸಿತೆಂಬ ಭಾವನೆ ವಿದ್ಯಾರ್ಥಿಗಳಲ್ಲಿ ಬೇರೂರಬಾರದು. ಬಿನ್ನಿಪೇಟೆಯ ಬಯಲಿನಲ್ಲಿ ಸೆಕೆಂಡಿಗೆ 20 ಮೀಟರು ವೇಗದಿಂದ ಹಾರುವ 160 ಗ್ರಾಂ ತೂಕದ ಕ್ರಿಕೆಟ್ ಚೆಂಡಿಗೂ ಕ್ವಾಂಟಂ ಅಲೆಯುಂಟು. ಆದರೆ ಅದರ ಉದ್ದ ಪರಮಾಣುವಿನ ಅಗಲದ ಕೋಟಿ ಕೋಟಿಯಲ್ಲೊಂದು ಪಾಲೂ ಆಗದು. ಆದುದರಿಂದ ಚೆಂಡಿಗೆ ನ್ಯೂಟನ್ನನ ನಿಯಮವೇ ಸಾಕು. ಪರಮಾಣುವಿನೊಳಗಿನ ಎಲೆಕ್ಟ್ರಾನಿನ ಅಲೆಯಾದರೋ ಪರಮಾಣುವಿನಷ್ಟೇ ದೊಡ್ಡದು. ಅಲ್ಲಿ ಕ್ವಾಂಟಂ ನಿಯಮ ಅನಿವಾರ್ಯ.

ಆದರೂ ಇವು ಬೇರೆ ಬೇರೆ ಲೋಕಗಳಲ್ಲ. ಸ್ಥಾನ, ಸಂವೇಗಗಳನ್ನು ಬೆಸೆಯುವ ಹಳೆಯ ಪಾಯ್ಸಾನ್ ಆವರಣವೇ ಹೊಸ ಗಣಿತಕ್ಕೆ ಮಾದರಿಯೆಂದು ಡಿರಾಕನು 1925ರಲ್ಲಿ ಕಂಡನು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಹುಕಾಲ ದುಡಿದ ಎನ್. ಮುಕುಂದರು ಸುದರ್ಶನರೊಡನೆ ರಚಿಸಿ 1974ರಲ್ಲಿ ಪ್ರಕಟಿಸಿದ ಚಲನಶಾಸ್ತ್ರ ಗ್ರಂಥವೂ ಈ ಆವರಣಗಳಿಗೆ ವಿಶೇಷ ಮಹತ್ತ್ವವಿತ್ತಿದೆ. ಈ ಅಧ್ಯಾಯವನ್ನು ಅವಸರದಲ್ಲಿ ದಾಟಿದವನಿಗೆ ಕ್ವಾಂಟಂ ಪಾಠವು ಅರ್ಥವರಿಯದ ಮಂತ್ರವಾದೀತು. ತರಗತಿಯಲ್ಲಿ ಇದಕ್ಕೆ ಸಾಕಷ್ಟು ಸಮಯ ಸಲ್ಲಬೇಕೆಂಬುದು ನಮ್ಮ ಅಭಿಮತ.