ರಾಜ್ಯಕಾರಭಾರದ ಶಿಕ್ಷಣವೂ ಕನ್ನಡವೂ

ಕಂಪನಿ ಸರಕಾರವು ಪರಕೀಯರದು. ಆದರೂ ಪ್ರಜೆಗಳ ಮಾತನ್ನರಿಯದೆ ಕಂದಾಯವನ್ನು ಸಹ ಎತ್ತಲಾಗದೆಂಬುದನ್ನು ಅದು ಬೇಗನೆ ಕಂಡುಕೊಂಡಿತು. 1800 ರಲ್ಲಿ ಕಲಕತ್ತೆಯ ಫೋರ್ಟ್ ವಿಲಿಯಂ ಕಾಲೇಜೂ 1812 ರಲ್ಲಿ ಮದ್ರಾಸಿನ ಫೋರ್ಟ್ ಸೇಂಟ್ ಜಾರ್ಜ್ ಕಾಲೇಜೂ ಹುಟ್ಟಿದ್ದು ಈ ಅರಿವಿನಿಂದಲೇ. ಎಳೆಯ ಅಧಿಕಾರಿಗಳು ಅಲ್ಲಿ ದೇಶಭಾಷೆಗಳನ್ನು ಕಲಿಯಬೇಕಾಗಿದ್ದಿತು. ಮದ್ರಾಸ್ ಸರಕಾರದ ನೌಕರನಾದ ಜಾನ್ ಮೆಕೆರೆಲನು 1820 ರಲ್ಲಿ ಕನ್ನಡ ವ್ಯಾಕರಣವನ್ನೇ ಬರೆದು ಪ್ರಕಟಿಸಿದನು. ಅವರ ಉದ್ದೇಶವನ್ನು ನಾವು ಹೊಗಳುವದಿಲ್ಲ. ಅವರ ಜಾಣತನವನ್ನು ಅಲ್ಲಗಳೆಯುವದೂ ಇಲ್ಲ.

ಇಂದು ರಾಜ್ಯವು ನಮ್ಮದು. ಹರಿದು ಹಂಚಿಹೋಗಿದ್ದ ಕನ್ನಡ ಪ್ರಾಂತಗಳು 1956 ರ ನವೆಂಬರ 1 ರಂದು ಒಂದುಗೂಡಿದವು. 1963 ರ ಶಾಸನದಿಂದ ಕನ್ನಡವು ಆಡಳಿತ ಭಾಷೆಯಾಯಿತು. ಆಡಳಿತಕ್ಕೆ ತರುಣರನ್ನು ಅಣಿಗೊಳಿಸುವ ಉಚ್ಚ ಶಿಕ್ಷಣವೂ ನಮ್ಮ ನಾಡಿಗೆ ಬಂದಿರುವದು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯು 2014 ರಲ್ಲಿ ಸಾರ್ವಜನಿಕ ನೀತಿಯ ಸ್ನಾತಕೋತ್ತರ ವ್ಯಾಸಂಗವನ್ನು ಆರಂಭಿಸಿತು. ಇದು ಸಂತೋಷದ ಸಂಗತಿಯೇ ಸರಿ. ಆದರೆ ಇಂಥ ವ್ಯಾಸಂಗಗಳ ಬೋಧನೆಯು ಇಂಗ್ಲಿಷಿನಲ್ಲಿ ನಡೆಯುವದು. ಗ್ರಾಮಸಭೆಯ ಮಾತೋ ಕನ್ನಡದಲ್ಲಿ.

ದೇಶದ ನಾನಾ ಕಡೆಯಿಂದ ವಿದ್ಯಾರ್ಥಿಗಳು ಬರುವಲ್ಲಿ ಕನ್ನಡವನ್ನು ಬೋಧನಭಾಷೆ ಮಾಡುವದೆಂತು ಎಂದು ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆ. ನಾವು ಅಷ್ಟನ್ನು ಬೇಡುತ್ತಿಲ್ಲ. ಕರ್ನಾಟಕದಲ್ಲಿ ರಾಜ್ಯನೀತಿಯ ಪದವಿ ಪಡೆಯುವವನು ಸರಕಾರದ ಒಂದು ಕನ್ನಡ ಆದೇಶವನ್ನು ಓದಿ ತಿಳಿಯಬೇಕು. ಪಹಣಿಯಲ್ಲಿ ಏನಿದೆಯೆಂದು ಬಲ್ಲವನಾಗಬೇಕು. ರೈತನೊಬ್ಬನ ದೂರನ್ನು ದುಭಾಷಿಯಿಲ್ಲದೆ ಕೇಳಬೇಕು. ಇದು ಅತಿಯಾದ ಬೇಡಿಕೆಯೇ?

ಫ್ರಾನ್ಸ್ ದೇಶದ ದೃಷ್ಟಾಂತವನ್ನು ನೋಡಿರಿ. ಅಧಿಕಾರಿಗಳ ಶಿಕ್ಷಣಕ್ಕಾಗಿ 1945 ರಲ್ಲಿ ಅಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಆಡಳಿತ ಶಾಲೆಯು ಹಲವು ಅಧ್ಯಕ್ಷರನ್ನೂ ಪ್ರಧಾನಿಗಳನ್ನೂ ಕೊಟ್ಟಿತು. ಆದರೆ ಅಲ್ಲಿ ಕಲಿತವರು ಜನಸಾಮಾನ್ಯರಿಂದ ದೂರವಾದರೆಂಬ ಅಸಮಾಧಾನವು ಬೆಳೆದು, 2021 ರ ಕೊನೆಗೆ ಆ ಶಾಲೆಯನ್ನು ಮುಚ್ಚಿ ಅದರ ಸ್ಥಾನದಲ್ಲಿ ಬೇರೊಂದನ್ನು ನಿಲ್ಲಿಸಬೇಕಾಯಿತು. ಅಲ್ಲಿ ಅಧಿಕಾರಿಯೂ ಪ್ರಜೆಯೂ ಆಡುವದು ಒಂದೇ ಫ್ರೆಂಚ್ ಭಾಷೆಯನ್ನು. ಭಾಷೆ ಒಂದೇ ಇದ್ದಲ್ಲಿಯೇ ಇಷ್ಟು ಅಂತರ ಬಿದ್ದರೆ, ನಡುವೆ ಪರಭಾಷೆಯ ಗೋಡೆಯೂ ಎದ್ದಲ್ಲಿ ಗತಿಯೇನು?

ಕನ್ನಡ ಬಂದ ಮಾತ್ರಕ್ಕೆ ಒಳ್ಳೆಯ ಅಧಿಕಾರಿಯಾಗುವನೆಂದು ನಾವು ಭ್ರಮಿಸುವದಿಲ್ಲ. ಆದರೆ ಕೇಳಿಸಿಕೊಳ್ಳಲಾರದವನು ಆಳಬಲ್ಲನೇ? ಆದುದರಿಂದ ರಾಜ್ಯನೀತಿಯ ಪ್ರತಿಯೊಂದು ವ್ಯಾಸಂಗದಲ್ಲಿಯೂ ಆಡಳಿತ ಕನ್ನಡವು ಕಡ್ಡಾಯದ ವಿಷಯವಾಗತಕ್ಕದ್ದು. ಒಂದು ಅವಧಿಯನ್ನಾದರೂ ವಿದ್ಯಾರ್ಥಿಯು ತಾಲೂಕು ಕಚೇರಿಯಲ್ಲಿ ಕಳೆಯತಕ್ಕದ್ದು. ನಮ್ಮ ಉಪಾಧ್ಯಾಯ ಬಂಧುಗಳು ತಮ್ಮ ಜಾಣ ಶಿಷ್ಯರನ್ನು ಈ ವ್ಯಾಸಂಗಗಳತ್ತ ಈಗಿನಿಂದಲೇ ಪ್ರೇರಿಸಲಿ. ನಾಡು ಒಂದಾಯಿತು, ಆಳುವವರ ಕಿವಿಯೂ ಕನ್ನಡಕ್ಕೆ ತೆರೆದಾಗಲೇ ಆ ಏಕೀಕರಣವು ಸಾರ್ಥಕವಾಗುವದು.